ಹಿಕ್ಕೆ ಅಂಟಾದರೆ ಧಾನ್ಯ ನೋಡಿ

ಮೆಕ್ಕೆಜೋಳ ದುಬಾರಿ ಆಯ್ತು ಅಂತ ನಮ್ಮ ಸಂಘದ ಕೆಲವು ತಾಯಂದಿರು ಸಾಲ ಮಾಡಿ ತಂದ ಬ್ರಾಯ್ಲರ್ ಮರಿಗಳಿಗೆ ಗೋಧಿ ನುಚ್ಚು ಹೆಚ್ಚು ಹಾಕುತ್ತಾರೆ. ಗೋಧಿಯಲ್ಲಿರುವ ಒಂದು ಬಗೆಯ ನಾರು ಕರುಳಿನಲ್ಲಿ ಗಂಜಿಯಂತೆ ಅಂಟಾಗುತ್ತದೆ. ತಿಂದದ್ದು ಮೈಗೆ ಹತ್ತೋದಿಲ್ಲ. ಹಿಕ್ಕೆ ಅಂಟಾಗಿ, ಹಾಸಿದ ಹೊಟ್ಟು ಒದ್ದೆಯಾಗಿ, ಪಾದ ಹುಣ್ಣಾಗುತ್ತದೆ.

ಈ ನಾರನ್ನು ಒಡೆಯುವ ಕಿಣ್ವ, ಅಂದರೆ ಎಂಜೈಮ್, ಕೋಳಿಯ ದೇಹದಲ್ಲಿ ತಯಾರಾಗುವುದಿಲ್ಲ. ಆದ್ದರಿಂದ ಗೋಧಿಗೆ ಕ್ಸೈಲನೇಸ್ ಬೆರೆಸಬೇಕು. ಫೈಟೇಸ್‌ನ ಕೆಲಸವೇ ಬೇರೆ: ಧಾನ್ಯ, ಸೋಯಾ ಹಿಂಡಿಗಳಲ್ಲಿ ಸಿಕ್ಕಿಕೊಂಡಿರುವ ರಂಜಕವನ್ನು ಅದು ಬಿಡಿಸಿ ಮೂಳೆಗೆ ಒದಗಿಸುತ್ತದೆ.

ಆದರೆ ಬೂಷ್ಟು ಹಿಡಿದ ಜೋಳದ ವಿಷಕ್ಕೆ ಇವೆರಡೂ ಮದ್ದಲ್ಲ, ಅಂಥದ್ದನ್ನು ಹಾಕಲೇಬೇಡಿ. ಅಂಗಡಿಯಿಂದ ಪೊಟ್ಟಣ ತರುವ ಮೊದಲು ನಮ್ಮ ಧಾನ್ಯ ಯಾವುದೆಂದು ಪಶುವೈದ್ಯರಿಗೆ ತಿಳಿಸಿ, ಅದಕ್ಕೆ ತಕ್ಕ ಕಿಣ್ವ ಕೇಳೋಣ.