ಗೇಣುದ್ದದ ಕಂಚಿನ ಬಂಡಾಯಗಾರರು

ಪೋಲೆಂಡಿನ ವ್ರೊಟ್ಸ್ವಾಫ್ ನಗರದಲ್ಲಿ ಪ್ರವಾಸಿಗರ ಗುಂಪು ತಲೆ ತಗ್ಗಿಸಿಕೊಂಡೇ ನಡೆಯುತ್ತದೆ. ಗೋಥಿಕ್ ಶೈಲಿಯ ಹಳೆಯ ಪುರಭವನ, ಬಣ್ಣಬಣ್ಣದ ಮನೆಗಳ ಸಾಲು ಎದುರಿಗೇ ಇದ್ದರೂ ಕಣ್ಣೆಲ್ಲ ಮೆಟ್ಟಿಲ ಬುಡ, ಕಿಟಕಿಯ ಅಂಚು, ದೀಪದ ಕಂಬಗಳ ಮೇಲೆ. ಯಾರೋ ಒಬ್ಬರು ‘ಅಗೋ ಅಲ್ಲಿ’ ಎಂದರೆ ಸಾಕು, ಉಳಿದವರೆಲ್ಲ ಅತ್ತ ಓಡಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಲ್ಲಿರುವುದು ಚೂಪು ಟೊಪ್ಪಿಗೆಯ, ಗೇಣುದ್ದದ ಕಂಚಿನ ಕುಳ್ಳ. ಇಂಥವರು ಈ ಊರಲ್ಲಿ ನೂರಾರು ಮಂದಿ.

ಮಕ್ಕಳ ಆಟದಂತೆ ಕಾಣುವ ಈ ಹುಡುಕಾಟದ ಹಿಂದೆ ಒಂದು ರಾಜಕೀಯ ಇತಿಹಾಸವಿದೆ. 1981ರ ಡಿಸೆಂಬರ್ 13ರಂದು ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ದೇಶದ ಮೇಲೆ ಸೇನಾಡಳಿತ ಹೇರಿತು. ‘ಸಾಲಿಡಾರಿಟಿ’ ಕಾರ್ಮಿಕ ಸಂಘಟನೆಯ ನಾಯಕರನ್ನು ಬಂಧಿಸಲಾಯಿತು. ಗೋಡೆಗಳ ಮೇಲೆ ಸರ್ಕಾರದ ವಿರುದ್ಧ ಘೋಷಣೆ ಬರೆಯುವವರು ಬರೆಯುತ್ತಿದ್ದರು. ಅಧಿಕಾರಿಗಳು ಅದರ ಮೇಲೆ ಬಣ್ಣ ಬಳಿಸುತ್ತಿದ್ದರು. ಊರ ತುಂಬ ಬಣ್ಣದ ತೇಪೆಗಳು. ‘ಮೇಜರ್’ ಎಂದೇ ಹೆಸರಾದ ವಾಲ್ಡೆಮಾರ್ ಫಿದ್ರಿಖ್ ಮತ್ತು ಗೆಳೆಯರು 1982ರಲ್ಲಿ ಆ ತೇಪೆಗಳ ಮೇಲೆಯೇ ಕುಳ್ಳರ ಚಿತ್ರ ಬಿಡಿಸತೊಡಗಿದರು. ಘೋಷಣೆಯನ್ನೇನೋ ಅಳಿಸಬಹುದು, ನಗುವ ಕುಳ್ಳನ ಮೇಲೆ ಯಾವ ಆರೋಪ ಹೊರಿಸುವುದು?

ಅವರ ಚಳವಳಿಯ ಹೆಸರು ‘ಕಿತ್ತಳೆ ಪರ್ಯಾಯ’. 1988ರ ಜೂನ್ 1ರಂದು, ಅಲ್ಲಿನ ಮಕ್ಕಳ ದಿನದಂದೇ, ಸಾವಿರಾರು ಜನ ಕಿತ್ತಳೆ ಟೊಪ್ಪಿಗೆ ತೊಟ್ಟು ಷ್ವಿದ್ನಿತ್ಸ್ಕಾ ಬೀದಿಗಿಳಿದರು. ಮರುವರ್ಷ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡಿತು.

ಆ ಚಳವಳಿಯ ನೆನಪಿಗೆ ಅದೇ ಬೀದಿಯಲ್ಲಿ 2001ರಲ್ಲಿ ಮೊದಲ ಕಂಚಿನ ಕುಳ್ಳನನ್ನು ನಿಲ್ಲಿಸಲಾಯಿತು. ಆತ ‘ಪಾಪಾ’. ಉಳಿದವರಿಗಿಂತ ದಪ್ಪ, ಎತ್ತರ. ನಿಂತಿರುವುದು ಬೆರಳ ತುದಿಯಾಕಾರದ ಪೀಠದ ಮೇಲೆ. 2005ರಲ್ಲಿ ಸ್ಥಳೀಯ ಶಿಲ್ಪಿ ತೊಮಾಷ್ ಮೊಚೆಕ್ ನಗರಾಡಳಿತಕ್ಕಾಗಿ ಇನ್ನೂ ಐವರನ್ನು ಎರಕ ಹೊಯ್ದರು. ಅವರಲ್ಲಿ ಇಬ್ಬರು ಷ್ವಿದ್ನಿತ್ಸ್ಕಾದಲ್ಲಿ ಒಂದು ಗ್ರಾನೈಟ್ ಗುಂಡನ್ನು ಎದುರುಬದುರಾಗಿ ಆತು ನಿಂತಿದ್ದಾರೆ. ಹತ್ತಿರ ಬಗ್ಗಿ ನೋಡಿದರೆ ಒಬ್ಬೊಬ್ಬನೂ ಮೈಯೆಲ್ಲ ಬಿಗಿಹಿಡಿದು ತನ್ನ ಕಡೆಯಿಂದ ತಳ್ಳುತ್ತಿದ್ದಾನೆ. ಗುಂಡು ಮಾತ್ರ ಅಲ್ಲಾಡುವುದಿಲ್ಲ. ಇಡೀ ನಗರದಲ್ಲಿ ಇದಕ್ಕಿಂತ ಒಳ್ಳೆಯ ಶಿಲ್ಪ ಬೇರೆ ಬೇಕಿಲ್ಲ ಎನ್ನಿಸುವಷ್ಟು ಸೊಗಸು.

ಕಟುಕ ಕುಳ್ಳ ನಿಂತಿರುವುದು ಹಿಂದೆ ಮಾಂಸದಂಗಡಿಗಳ ಓಣಿಯಾಗಿದ್ದ ಸ್ಟಾರೆ ಯಾಟ್ಕಿಯಲ್ಲಿ. ಈಗ ಅಲ್ಲಿ ಕಲಾ ಗ್ಯಾಲರಿಗಳಿವೆ. ಓಡ್ರಾ ನದಿಯಂಚಿನಲ್ಲಿ ಒಬ್ಬ ಬಟ್ಟೆ ಒಗೆಯುತ್ತಾನೆ. ವಿಶ್ವವಿದ್ಯಾಲಯದ ಹತ್ತಿರ ಕತ್ತಿವರಸೆಯವನು. ಪುರಭವನದ ಆಸುಪಾಸಿನಲ್ಲಿ ಮೂವರಿದ್ದಾರೆ: ಗಾಲಿಕುರ್ಚಿಯಲ್ಲಿ ಕೂತವನು, ಬಿಳಿ ಕೋಲು ಹಿಡಿದ ಅಂಧ, ಕಿವಿ ಕೇಳಿಸದವನು. ಅಂಗವಿಕಲರಿಗೂ ನಗರ ಸಲೀಸಾಗಿ ಎಟುಕಬೇಕೆಂಬ ಅಭಿಯಾನದ ಭಾಗವಾಗಿ ಬಂದವರು ಇವರು. ಗಾತ್ರ ಚಿಕ್ಕದಾದ್ದರಿಂದ ಮಗುವಿಗೂ, ಗಾಲಿಕುರ್ಚಿಯಲ್ಲಿ ಬಂದವರಿಗೂ ಈ ಕಲೆ ಕೈಗೆ ಸಿಗುತ್ತದೆ. ಮುಟ್ಟಬೇಡಿ ಎನ್ನುವ ಕಾವಲುಗಾರ ಇಲ್ಲಿಲ್ಲ.

ಈಚಿನ ವರ್ಷಗಳಲ್ಲಿ ಹೋಟೆಲು, ಬ್ಯಾಂಕು, ಅಂಗಡಿಗಳೂ ತಮ್ಮ ಬಾಗಿಲಿಗೊಬ್ಬ ಕುಳ್ಳನನ್ನು ಮಾಡಿಸಿಕೊಂಡಿವೆ. ಅವುಗಳಲ್ಲಿ ಎಷ್ಟೋ ಬರೀ ಜಾಹೀರಾತು. ನಗರವು ಕುಳ್ಳನನ್ನು ಪ್ರಚಾರಕ್ಕೆ ಬಳಸಿಕೊಂಡ ರೀತಿಯನ್ನು ಪ್ರಶ್ನಿಸಿ ಫಿದ್ರಿಖ್ ಅವರೇ ನ್ಯಾಯಾಲಯದ ಮೆಟ್ಟಿಲೇರಿದ್ದರು. ಗೋಡೆಯ ಕತೆ ಗೊತ್ತಿಲ್ಲದೆ ಬರೀ ಲೆಕ್ಕ ಹಾಕುತ್ತ ಅಲೆದರೆ ಈ ಊರಿನ ಅರ್ಧ ತಿರುಳು ತಪ್ಪಿಹೋಗುತ್ತದೆ ಎಂಬುದು ನಿಜ.

ಆದ್ದರಿಂದ ಹೋಗುವವರಿಗೆ ಎಲ್ಲರನ್ನೂ ಒಂದೇ ದಿನ ಹುಡುಕುವ ಹಟ ಬೇಡ. ಕುಳ್ಳರ ನಕ್ಷೆಯೊಂದನ್ನು ಹಿಡಿದು ಮೊದಲು ಷ್ವಿದ್ನಿತ್ಸ್ಕಾ ಬೀದಿಯ ಪಾಪಾನ ಬಳಿ ಹೋಗಿ. ಮಕ್ಕಳು ಜೊತೆಗಿದ್ದರೆ ನಕ್ಷೆಯನ್ನು ಅವರ ಕೈಗೇ ಕೊಡಿ.