ಲೇಸರ್ ಶ್ರವಣಾತೀತ ಮಾಪನ

ಲೇಸರ್ ಶ್ರವಣಾತೀತ ಮಾಪನವು ಲೇಸರ್ ಸ್ಪಂದದಿಂದ ವಸ್ತುವಿನಲ್ಲಿ ಶ್ರವಣಾತೀತ ತರಂಗಗಳನ್ನು ಎಬ್ಬಿಸಿ, ಅವುಗಳ ವೇಗದಿಂದ ದಪ್ಪ, ಸ್ಥಿತಿಸ್ಥಾಪಕತೆ ಮುಂತಾದ ಗುಣಗಳನ್ನು ಅಳೆಯುವ ಅವಿನಾಶಕ ಪರೀಕ್ಷಾ ವಿಧಾನ. ಉಪಕರಣವು ವಸ್ತುವನ್ನು ಮುಟ್ಟಬೇಕಾಗಿಲ್ಲವಾದ್ದರಿಂದ ಕಾದ ಅಥವಾ ಚಲಿಸುತ್ತಿರುವ ತಗಡುಗಳಿಗೂ ಇದು ಒಗ್ಗುತ್ತದೆ.

ಕಾರ್ಯವಿಧಾನ

ಕೆಲವು ನ್ಯಾನೊಸೆಕೆಂಡುಗಳ ಸ್ಪಂದ ಬಿದ್ದೆಡೆ ಮೇಲ್ಮೈ ಥಟ್ಟನೆ ಕಾದು ಹಿಗ್ಗುತ್ತದೆ. ಈ ಹಿಗ್ಗುವಿಕೆಯೇ ತರಂಗಗಳ ಮೂಲ. ಸ್ಪಂದದ ತೀವ್ರತೆ ಮಿತಿಮೀರಿದರೆ ಮೇಲ್ಪದರ ಆವಿಯಾಗಿ ಕಲೆ ಉಳಿಯುತ್ತದೆ. ತರಂಗ ಹಾದುಹೋಗುವಾಗಿನ ಅತಿಸೂಕ್ಷ್ಮ ಅಲುಗಾಟವನ್ನು ಎರಡನೆಯ ಲೇಸರ್ ಮತ್ತು ಇಂಟರ್‌ಫೆರೋಮೀಟರ್ ಗ್ರಹಿಸುತ್ತವೆ.

ತೆಳು ಫಲಕಗಳಲ್ಲಿ

ದಪ್ಪ ವಸ್ತುವಿನಲ್ಲಿ ಪ್ರತಿಧ್ವನಿಯ ಕಾಲವನ್ನು ಅಳೆದರೆ ಸಾಕು. ಆದರೆ 0.1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ ಧ್ವನಿ ಸುಮಾರು 32 ನ್ಯಾನೊಸೆಕೆಂಡುಗಳಲ್ಲಿ ಹೋಗಿಬರುತ್ತದೆ. ಸಾಮಾನ್ಯ ಸಂವೇದಕದ ಸ್ಪಂದ ಅದಕ್ಕಿಂತ ದೀರ್ಘವಾದ್ದರಿಂದ ಪ್ರತಿಧ್ವನಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಆದ್ದರಿಂದ ಫಲಕದುದ್ದಕ್ಕೂ ಸಾಗುವ, ಹೊರೇಸ್ ಲ್ಯಾಂಬ್ 1917ರಲ್ಲಿ ವಿವರಿಸಿದ ಲ್ಯಾಂಬ್ ತರಂಗಗಳನ್ನು ಬಳಸಲಾಗುತ್ತದೆ.

ಕಡಿಮೆ ಆವೃತ್ತಿಯಲ್ಲಿ ಸಮಮಿತ ತರಂಗದ ವೇಗವು ದಪ್ಪವನ್ನು ಅವಲಂಬಿಸುವುದಿಲ್ಲ. ಅಲ್ಯೂಮಿನಿಯಂನಲ್ಲಿ ಅದು ಸೆಕೆಂಡಿಗೆ ಸುಮಾರು 5.4 ಕಿ.ಮೀ. ಬಾಗು ತರಂಗದ ವೇಗವಾದರೋ ಆವೃತ್ತಿ ಮತ್ತು ದಪ್ಪಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಸಾಂದ್ರತೆ ಮತ್ತು ಪಾಯ್ಸನ್ ಅನುಪಾತ ತಿಳಿದಿದ್ದರೆ ಮೊದಲನೆಯದರಿಂದ ಯಂಗ್ ಗುಣಾಂಕವೂ, ಎರಡೂ ವೇಗಗಳ ಹೋಲಿಕೆಯಿಂದ ದಪ್ಪವೂ ದೊರೆಯುತ್ತವೆ.

ಇತಿಹಾಸ

ಬೆಳಕಿಗೂ ಶ್ರವಣಾತೀತ ಧ್ವನಿಗೂ ಇರುವ ಸಂಬಂಧದ ಅಧ್ಯಯನದಲ್ಲಿ ಬೆಂಗಳೂರಿನ ಪಾತ್ರ ಹಿರಿದು. ಶ್ರವಣಾತೀತ ತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವ ಬಗೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಅವರು ಎನ್. ಎಸ್. ನಾಗೇಂದ್ರನಾಥ್ ಅವರೊಡನೆ 1935–36ರಲ್ಲಿ ವಿವರಿಸಿದರು. ಮೇಲ್ಮೈಯ ಕ್ಷಣಿಕ ಕಾವಿನಿಂದ ತರಂಗಗಳು ಹುಟ್ಟುವುದನ್ನು ಆರ್. ಎಂ. ವೈಟ್ 1963ರಲ್ಲಿ ವಿಶ್ಲೇಷಿಸಿದರು.