ದತ್ತಸಂಚಯದ ನಮೂನೆಗಳಲ್ಲಿ ಕೀಲಿ ಸಂಯೋಜನೆಗಳ ನಿರ್ವಹಣೆ: ಕನ್ನಡ ದಾಖಲೀಕರಣದ ಹಿನ್ನೆಲೆಯಲ್ಲಿ

ಕರ್ನಾಟಕದ ಆಡಳಿತ ದಾಖಲೆಗಳು ಕೈಬರಹದ ಕಡತದಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡ ಇತಿಹಾಸದಲ್ಲಿ ‘ಭೂಮಿ’ ಯೋಜನೆಗೆ ವಿಶಿಷ್ಟ ಸ್ಥಾನವಿದೆ. ೨೦೦೦ರ ಆಸುಪಾಸಿನಲ್ಲಿ ೧೭೭ ತಾಲೂಕುಗಳ ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ಪಹಣಿಗಳನ್ನು, ಧಾರವಾಡ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಉತಾರಗಳನ್ನು, ಕನ್ನಡದಲ್ಲಿಯೇ ಗಣಕೀಕರಿಸಲಾಯಿತು. ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ನಡುವಿನ ನವನಗರವನ್ನೇ ಗಮನಿಸಿದರೆ, ೨೦೦೨ರಲ್ಲಿ ಸ್ಥಾಪನೆಗೊಂಡ ಹೆಸ್ಕಾಂನ ಕೇಂದ್ರ ಕಚೇರಿ, ೨೦೦೯ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹಾಗೂ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಗಳು ಅಲ್ಲಿವೆ. ಗ್ರಾಹಕ, ವಿದ್ಯಾರ್ಥಿ, ರೋಗಿ ಇವರ ಹೆಸರನ್ನು ತಪ್ಪಿಲ್ಲದೆ ದಾಖಲಿಸುವುದು ಇಂತಹ ಸಂಸ್ಥೆಗಳ ನಿತ್ಯದ ಅಗತ್ಯ. ಆ ಹೆಸರು ದತ್ತಸಂಚಯವನ್ನು ಪ್ರವೇಶಿಸುವುದು ನಮೂನೆಯ ಅಥವಾ ಫಾರ್ಮಿನ ಮೂಲಕ.

ದಿನವಿಡೀ ದಾಖಲೆಗಳನ್ನು ನಮೂದಿಸುವ ಸಿಬ್ಬಂದಿಗೆ ಕೈಯನ್ನು ಕೀಲಿಮಣೆಯಿಂದ ಮೌಸ್‌ಗೆ ಪದೇ ಪದೇ ಸರಿಸುವುದು ಶ್ರಮದಾಯಕ. ಆದಕಾರಣ ಉಳಿಸುವುದು, ಹುಡುಕುವುದು, ಮುಂದಿನ ಪುಟಕ್ಕೆ ಹೋಗುವುದು ಮೊದಲಾದ ಕ್ರಿಯೆಗಳಿಗೆ ಕಂಟ್ರೋಲ್, ಶಿಫ್ಟ್, ಆಲ್ಟ್ ಕೀಲಿಗಳನ್ನು ಇತರ ಕೀಲಿಗಳೊಡನೆ ಒತ್ತುವ ಸಂಯೋಜನೆಗಳನ್ನು ಕ್ರಮಲೇಖಕರು ಅಳವಡಿಸುತ್ತಾರೆ. ಈ ಅಳವಡಿಕೆ ಕನ್ನಡದ ಬರವಣಿಗೆಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಮೈಕ್ರೋಸಾಫ್ಟ್ ಆಕ್ಸೆಸ್‌ನ ನಮೂನೆಯಲ್ಲಿ ಅಕ್ಷರದ ಕೀಲಿಯನ್ನು ಒತ್ತಿದಾಗ ಕೀಡೌನ್, ಕೀಪ್ರೆಸ್, ಕೀಅಪ್ ಎಂಬ ಮೂರು ಘಟನೆಗಳು ಕ್ರಮವಾಗಿ ಜರುಗುತ್ತವೆ. ನಮೂನೆಯ ‘ಕೀಪ್ರಿವ್ಯೂ’ ಗುಣವನ್ನು ಸಕ್ರಿಯಗೊಳಿಸಿದರೆ ಈ ಘಟನೆಗಳು ಮೊದಲು ನಮೂನೆಗೆ, ಅನಂತರ ಆಯಾ ಅಂಕಣಕ್ಕೆ ತಲುಪುತ್ತವೆ. ಕೀಡೌನ್ ಘಟನೆಯು ಎರಡು ಸಂಗತಿಗಳನ್ನು ತಿಳಿಸುತ್ತದೆ: ಕೀಲಿಯ ಸಂಖ್ಯೆ ಮತ್ತು ಜೊತೆಗೂಡಿದ ಕೀಲಿಗಳ ಮೊತ್ತ. ಶಿಫ್ಟ್‌ಗೆ ೧, ಕಂಟ್ರೋಲ್‌ಗೆ ೨, ಆಲ್ಟ್‌ಗೆ ೪ ಎಂಬ ಬೆಲೆಯಿರುವುದರಿಂದ ಕಂಟ್ರೋಲ್ ಮತ್ತು ಶಿಫ್ಟ್ ಕೂಡಿದಾಗ ೩ ಬರುತ್ತದೆ. ಕ್ರಿಯೆ ಮುಗಿದ ಮೇಲೆ ಕೀಲಿಯ ಸಂಖ್ಯೆಯನ್ನು ಸೊನ್ನೆಗೊಳಿಸಿದರೆ ಆ ಒತ್ತು ಅಂಕಣವನ್ನು ತಲುಪುವುದಿಲ್ಲ.

ಸಂಯೋಜನೆಗಳನ್ನು ಗುರುತಿಸಲು ಕೀಪ್ರೆಸ್ ಘಟನೆಯನ್ನು ನೆಚ್ಚುವುದು ಯುಕ್ತವಲ್ಲ. ಅದು ತಿಳಿಸುವುದು ಕೀಲಿಯನ್ನಲ್ಲ, ಅದರಿಂದ ಹುಟ್ಟಿದ ಅಕ್ಷರದ ಸಂಕೇತವನ್ನು. ಕಂಟ್ರೋಲ್-ಎಂ ಹಾಗೂ ಎಂಟರ್ ಎರಡಕ್ಕೂ ೧೩, ಕಂಟ್ರೋಲ್-ಐ ಹಾಗೂ ಟ್ಯಾಬ್ ಎರಡಕ್ಕೂ ೯ ಸಂಕೇತವಾಗುವುದರಿಂದ ಅವುಗಳ ನಡುವಣ ಭೇದ ಅಲ್ಲಿ ಅಳಿಸಿಹೋಗುತ್ತದೆ.

ಕನ್ನಡದ ಸಂದರ್ಭದಲ್ಲಿ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕಂಟ್ರೋಲ್-ಶಿಫ್ಟ್-೨ ಎಂಬ ಸಂಯೋಜನೆಯು ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಚಿಹ್ನೆಯನ್ನು ಮೂಡಿಸುತ್ತದೆ. ‘ರಾಜ್‌ಕುಮಾರ’ ಎಂದು ಬರೆಯಲು ಈ ಚಿಹ್ನೆ ಬೇಕು. ಇಲ್ಲವಾದರೆ ‘ರಾಜ್ಕುಮಾರ’ ಎಂದಾಗುತ್ತದೆ. ನಮೂನೆಯ ಎರಡನೆಯ ಪುಟಕ್ಕೆ ಹೋಗಲು ಕಂಟ್ರೋಲ್-೨ನ್ನು ನಿಗದಿಪಡಿಸಿದ್ದು, ಮೊತ್ತದಲ್ಲಿ ಕಂಟ್ರೋಲ್ ಇದೆಯೇ ಎಂದಷ್ಟೇ ‘ಆ್ಯಂಡ್’ ಕ್ರಿಯೆಯಿಂದ ಪರೀಕ್ಷಿಸಿದ್ದರೆ, ಕಂಟ್ರೋಲ್-ಶಿಫ್ಟ್-೨ ಕೂಡ ಆ ಬಲೆಗೆ ಬೀಳುತ್ತದೆ. ಹೆಸರಿನ ನಡುವೆಯೇ ಪುಟ ಬದಲಾಗಿ, ಚಿಹ್ನೆ ಲುಪ್ತವಾಗುತ್ತದೆ. ಸಂಕೇತಗಳನ್ನು ಯಥಾವತ್ತಾಗಿ ಹೋಲಿಸುವ ಶೋಧದಲ್ಲಿ ಈ ಎರಡು ರೂಪಗಳು ಬೇರೆ ಬೇರೆ ಹೆಸರುಗಳು. ಒಂದನ್ನು ಹುಡುಕಿದವರಿಗೆ ಇನ್ನೊಂದು ದೊರೆಯದು. ಮೊತ್ತವು ಸರಿಯಾಗಿ ೨ಕ್ಕೆ ಸಮನಾಗಿದೆಯೇ ಎಂದು ಪರೀಕ್ಷಿಸುವುದೇ ಇದಕ್ಕೆ ಪರಿಹಾರ.

ತಂತ್ರಾಂಶದಲ್ಲಿ ಮೊದಲೇ ಅಡಕವಾಗಿರುವ ಸಂಯೋಜನೆಗಳೂ ಅಪಾಯಕಾರಿ. ಆಕ್ಸೆಸ್‌ನಲ್ಲಿ ಕಂಟ್ರೋಲ್‌ನೊಡನೆ ಏಕ ಉದ್ಧರಣ ಚಿಹ್ನೆಯ ಕೀಲಿಯನ್ನು ಒತ್ತಿದರೆ ಹಿಂದಿನ ದಾಖಲೆಯ ಅದೇ ಅಂಕಣದ ವಿವರ ನಕಲಾಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಟ’ ಅಕ್ಷರವಿರುವುದು ಅದೇ ಕೀಲಿಯಲ್ಲಿ. ಬೆರಳು ತಪ್ಪಿದರೆ ಒಬ್ಬರ ಸ್ಥಾನದಲ್ಲಿ ಮತ್ತೊಬ್ಬರ ಹೆಸರು ಸೇರಿ, ಯಾವ ಎಚ್ಚರಿಕೆಯೂ ಮೂಡದೆ ಹೋಗಬಹುದು. ಹಾಗೆಯೇ ಬರಹ ತಂತ್ರಾಂಶದಲ್ಲಿ ಕನ್ನಡ-ಇಂಗ್ಲಿಷ್‌ಗಳ ನಡುವೆ ಬದಲಾಯಿಸುವ ಎಫ್೧೧ ಕೀಲಿಯು ಆಕ್ಸೆಸ್‌ನಲ್ಲಿ ದತ್ತಸಂಚಯದ ಒಳಪಟ್ಟಿಯನ್ನು ತೆರೆಯುವ ಕೀಲಿಯೂ ಹೌದು. ಹೀಗೆ ಒಂದೇ ಕೀಲಿಗೆ ಇಬ್ಬರು ಹಕ್ಕುದಾರರು. ಆಕ್ಸೆಸ್‌ನ ವಿಶೇಷ ಕೀಲಿಗಳನ್ನು ಆರಂಭಿಕ ಆಯ್ಕೆಗಳಲ್ಲಿ ನಿಷ್ಕ್ರಿಯಗೊಳಿಸಲು ಅವಕಾಶವಿದೆ.

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳನ್ನು ನಿರೂಪಿಸಬಹುದು. ಸಂಯೋಜನೆಗಳನ್ನು ಕೀಡೌನ್ ಘಟನೆಯಲ್ಲಿಯೇ ಗುರುತಿಸಬೇಕು. ಜೊತೆಗೂಡಿದ ಕೀಲಿಗಳ ಮೊತ್ತವನ್ನು ಪೂರ್ಣವಾಗಿ ಹೋಲಿಸಬೇಕು. ಕನ್ನಡದ ಕೀಲಿಮಣೆಗೆ ಅಗತ್ಯವಾದ ಸಂಯೋಜನೆಗಳನ್ನು ನಮೂನೆಯು ಬಳಸಬಾರದು. ತನಗೆ ಸಂಬಂಧಿಸಿದ ಒತ್ತನ್ನು ಮಾತ್ರ ಸೊನ್ನೆಗೊಳಿಸಿ, ಉಳಿದವನ್ನು ಹಾಗೆಯೇ ಬಿಡಬೇಕು. ಬೇಡವಾದ ಅಂತರ್ಗತ ಸಂಯೋಜನೆಗಳನ್ನು ತಡೆಯಬೇಕು. ಎಲ್ಲಕ್ಕೂ ಮಿಗಿಲಾಗಿ, ನಮೂನೆಯನ್ನು ಇಂಗ್ಲಿಷ್ ಮಾದರಿಗಳಿಂದಷ್ಟೇ ಅಲ್ಲದೆ, ಸಿಬ್ಬಂದಿ ವಾಸ್ತವವಾಗಿ ಬಳಸುವ ಕನ್ನಡ ಕೀಲಿಮಣೆಯಿಂದ, ಒತ್ತಕ್ಷರ ಮತ್ತು ಅರ್ಧಾಕ್ಷರಗಳಿರುವ ಹೆಸರುಗಳನ್ನು ನಮೂದಿಸಿ ಪರೀಕ್ಷಿಸಬೇಕು. ಉತಾರದಲ್ಲಿಯೋ ಅಂಕಪಟ್ಟಿಯಲ್ಲಿಯೋ ಒಮ್ಮೆ ತಪ್ಪಾಗಿ ದಾಖಲಾದ ಹೆಸರನ್ನು ತಿದ್ದಿಸಲು ಕಚೇರಿಗೆ ಅಲೆಯಬೇಕಾದವರು ಕ್ರಮಲೇಖಕರಲ್ಲ, ಆ ಹೆಸರಿನ ಪ್ರಜೆ.